ಏಳನೇ ಕೋಣೆಯ ಇಪ್ಪತ್ತೊಂಬತ್ತನೇ ಉತ್ತರ ಪತ್ರಿಕೆ

ಆ ದಿನ ನಾನು ಮಾಡಿದ ಕೆಲಸಗಳು ಇವು. ಐದೂವರೆಗೆ ನಲ್ಲಿ ನೀರು ಬಂತು. ಒಂದು ಹಂಡೆ, ಆರು ಕೊಡ ತುಂಬಿಸಿದೆ. ಹದಿಮೂರು ರೊಟ್ಟಿ ಬಡಿದೆ. ಹೆಸರುಕಾಳಿನ ಪಲ್ಯ ಮಾಡಿದೆ. ಅತ್ತೆಯವರಿಗೆ ಬಿ.ಪಿ. ಮಾತ್ರೆ ಕೊಟ್ಟೆ. ನಮ್ಮ ಮನೆಯವರ ಬುತ್ತಿ ಕಟ್ಟಿ ಏಳೂವರೆಯ ಇಂಡಿ ಬಸ್ಸಿಗೆ ಕಳಿಸಿದೆ. ಮಾಳಿಗೆಯ ಮೇಲೆ ಶೇಂಗಾ ಒಣಹಾಕಿದೆ. ಹತ್ತಕ್ಕೆ ಎರಡನೇ ಸೆಮಿಸ್ಟರಿನವರ ಆಂತರಿಕ ಅಂಕಗಳನ್ನು ಪೋರ್ಟಲ್ಲಿಗೆ ಏರಿಸಲು ಕುಳಿತೆ. ಸರ್ವರ್ ಮೂರು ಸಲ ಕೈಕೊಟ್ಟಿತು, ನಾಲ್ಕನೆಯದಕ್ಕೆ ಏರಿತು. ಮಧ್ಯಾಹ್ನ ಒಂದಕ್ಕೆ ಬಜಾರದಲ್ಲಿ, ಅತ್ತೆ ಹಳೆಯ ಸೀರೆ ಕೂಡಿಸಿ ಹೊಲಿಯುತ್ತಿದ್ದ ಕೌದಿಗೆ ಹಸಿರು ದಾರದ ಉಂಡೆ ತೆಗೆದುಕೊಂಡೆ. ಎರಡರಿಂದ ಐದರವರೆಗೆ ಏಳನೇ ಕೋಣೆಯಲ್ಲಿ ಪರೀಕ್ಷೆಯ ಡ್ಯೂಟಿ. ಐದೂಮುಕ್ಕಾಲಕ್ಕೆ ಬಸ್ ನಿಲ್ದಾಣ.

ಇದನ್ನು ನೆನಪಿನಿಂದ ಬರೆಯುತ್ತಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಕೆಲಸ ಬರೆದಿಡುವುದು ನನ್ನ ಹಳೆಯ ಚಟ. ಹಳೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಆ ವರ್ಷದ್ದನ್ನು ಬಿಚ್ಚಿ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಪಟ್ಟಿ ಕೊಟ್ಟಿದ್ದು ಯಾಕೆಂದರೆ, ಆ ದಿನ ನನಗೆ ಜ್ವರ ಇರಲಿಲ್ಲ, ಉಪವಾಸ ಇರಲಿಲ್ಲ, ಮನೆಯಲ್ಲಿ ಜಗಳವೂ ಆಗಿರಲಿಲ್ಲ. ಲೆಕ್ಕ ಇಟ್ಟು ರೊಟ್ಟಿ ಬಡಿದ ಹೆಂಗಸು ಮಧ್ಯಾಹ್ನ ಎರಡು ಗಂಟೆಗೆ ಇಲ್ಲದವರನ್ನು ಕಾಣುತ್ತಾಳೆ ಎಂದರೆ ನಾನೇ ನಂಬುತ್ತಿರಲಿಲ್ಲ. ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಾಲತವಾಡದ ನಮ್ಮ ತವರುಮನೆಯಲ್ಲಿ ದೊಡ್ಡಮ್ಮ ಒಬ್ಬಳು ಕಂಡದ್ದು ಕಾಣದ್ದು ಎಲ್ಲ ಹೇಳುತ್ತಿದ್ದಳು. ಆಕೆಗೆ ನಾವು ಮಕ್ಕಳು, ನಿನಗೆ ಕಂಡದ್ದು ನಮಗೂ ಒಮ್ಮೆ ತೋರಿಸು, ಆಮೇಲೆ ನಂಬುತ್ತೇವೆ ಎಂದು ಕಾಡುತ್ತಿದ್ದೆವು.

ನಾನು ಸಿಂದಗಿಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಹೆಸರಿಗೆ ಅತಿಥಿ; ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಪ್ರತಿ ವರ್ಷ ಹೊಸದಾಗಿ ಅರ್ಜಿ. ನಮ್ಮ ವಿಶ್ವವಿದ್ಯಾಲಯ ದೊಡ್ಡದು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆಯ ಕಾಲೇಜುಗಳೂ ಅದಕ್ಕೇ ಸೇರಿದವು. ಆದರೆ ಅದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕಡಿಮೆ. ಅದು ನಮ್ಮ ಬಳಿಗೆ ಸುತ್ತೋಲೆಯಾಗಿ ಬರುತ್ತದೆ, ಮುಂದೂಡಿದ ವೇಳಾಪಟ್ಟಿಯಾಗಿ ಬರುತ್ತದೆ, ಮೂರು ತಿಂಗಳು ತಡವಾದ ಫಲಿತಾಂಶವಾಗಿ ಬರುತ್ತದೆ. ಹೆಸರು ತಪ್ಪಿದ ಅಂಕಪಟ್ಟಿ ಹಿಡಿದುಕೊಂಡು ಹುಡುಗರು ನಮ್ಮ ಮುಂದೆ ನಿಲ್ಲುತ್ತಾರೆ, ನಾವು ಯಾರ ಮುಂದೆ ನಿಲ್ಲಬೇಕೋ ನಮಗೆ ಗೊತ್ತಿಲ್ಲ.

ಅಂದು ಆರನೇ ಸೆಮಿಸ್ಟರಿನ ಕೊನೆಯ ಪೇಪರು. ಏಳನೇ ಕೋಣೆಗೆ ಮೂವತ್ತು ಜನ. ಪರೀಕ್ಷೆಯ ಕೋಣೆಯಲ್ಲಿ ನಮ್ಮ ಕೆಲಸ ಹೇಗೆಂದರೆ, ಉತ್ತರ ಪತ್ರಿಕೆ ಹಂಚುವುದು, ಮೊದಲ ಅರ್ಧ ಗಂಟೆ ಕಳೆದ ಮೇಲೆ ಬಾಗಿಲು ಹಾಕಿ ಒಬ್ಬೊಬ್ಬರ ಹತ್ತಿರ ಹೋಗುವುದು, ಪ್ರವೇಶ ಪತ್ರದ ಫೋಟೊ ನೋಡಿ ಮುಖ ನೋಡುವುದು, ಹಾಜರಿ ಹಾಳೆಯಲ್ಲಿ ಸಹಿ ಹಾಕಿಸಿಕೊಂಡು ಅವರ ಪತ್ರಿಕೆಯ ಮೇಲೆ ನಮ್ಮ ಸಹಿ ಮಾಡುವುದು. ಬಾರದವರ ಸಂಖ್ಯೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇವೆ. ಅಂದು ಒಂದೇ ಸುತ್ತು ಹಾಕಿದೆ, ಆಲೂರಿನ ಹುಡುಗನೊಬ್ಬನಿಗೆ. ಉಳಿದ ಇಪ್ಪತ್ತೊಂಬತ್ತು ಜನ ಇದ್ದರು.

ಕಿಟಕಿಯ ಕಡೆಯ ಸಾಲಿನ ಕೊನೆಯ ಬೆಂಚಿನಲ್ಲಿ ರೇಣುಕಾ ಕುಳಿತಿದ್ದಳು. ದೇವಣಗಾಂವದ ಹುಡುಗಿ. ಅವಳ ಅಪ್ಪ ಪಂಚಾಯಿತಿಯಲ್ಲಿ ನೀರು ಬಿಡುವವನು. ಮೂರು ವರ್ಷ ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು, ಪ್ರಶ್ನೆ ಕೇಳುವ ಮೊದಲು ಮೂಗಿನ ತುದಿ ಒರೆಸಿಕೊಳ್ಳುವವಳು. ಅವಳನ್ನು ನಾನು ಕತ್ತಲಲ್ಲಿ ಬರೀ ಕೆಮ್ಮಿನಿಂದ ಗುರುತಿಸಬಲ್ಲೆ. ಈ ಪೇಪರು ಪಾಸಾದರೆ ಆ ವರ್ಷವೇ ಬಿ.ಎಡ್.ಗೆ ಅರ್ಜಿ ಹಾಕುವವಳಿದ್ದಳು. ತಪ್ಪಿದರೆ ಒಂದು ವರ್ಷ ಮನೆ. ಮನೆಯಲ್ಲಿ ಕುಳಿತ ಹುಡುಗಿಯರ ವರ್ಷ ಒಂದಕ್ಕೇ ನಿಲ್ಲುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳು ಆಕಾಶ ಬಣ್ಣದ ಚೂಡಿದಾರ ಹಾಕಿದ್ದಳು. ಸಹಿ ಮಾಡಿದಳು, ನಾನೂ ಮಾಡಿದೆ. ನಾಲ್ಕೂಕಾಲರ ಹೊತ್ತಿಗೆ ಕೈ ಎತ್ತಿ ಹೆಚ್ಚುವರಿ ಹಾಳೆ ಕೇಳಿದಳು. ಹಾಳೆಯನ್ನು ಪತ್ರಿಕೆಗೆ ಕಟ್ಟಲು ದಾರ ಬೇಕು; ಕಾಲೇಜಿನವರು ಕೊಟ್ಟ ಬಿಳಿ ದಾರ ಅಷ್ಟರಲ್ಲಿ ಮುಗಿದಿತ್ತು. ನನ್ನ ಚೀಲದಲ್ಲಿ ಅತ್ತೆಯ ಹಸಿರು ದಾರವಿತ್ತಲ್ಲ, ಅದರಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಹರಿದು ಕೊಟ್ಟೆ. ಅವಳು ತೆಗೆದುಕೊಂಡಳು. ಅವಳ ಬೆರಳಿನ ಬೆವರಿಗೆ ಹಾಳೆಯ ಮೂಲೆ ಒದ್ದೆಯಾಗಿತ್ತು. ವಿಚಿತ್ರ ಎನ್ನುವಂಥದ್ದು ಏನೂ ಇರಲಿಲ್ಲ. ನನಗೆ ಇವತ್ತಿಗೂ ತಳಮಳ ಹುಟ್ಟಿಸುವುದು ಅದೇ.

ಐದಕ್ಕೆ ಪತ್ರಿಕೆ ಕೂಡಿಸಿದೆ. ಇಪ್ಪತ್ತೊಂಬತ್ತು. ಬಸವನ ಬಾಗೇವಾಡಿಯಿಂದ ಮೇಲ್ವಿಚಾರಣೆಗೆ ಬಂದ ಸರ್ ಬೆರಳು ನಾಲಿಗೆಗೆ ತಾಕಿಸಿ ತಾಕಿಸಿ ಎರಡು ಸಲ ಎಣಿಸಿದರು. ಇಪ್ಪತ್ತೊಂಬತ್ತು. ಕಟ್ಟಿನ ಮೇಲಿನ ಚೀಟಿಯಲ್ಲಿ ಅವರೇ ಬರೆದರು, ಬಟ್ಟೆ ಸುತ್ತಿ ಹೊಲಿದರು, ಅರಗಿನ ಮುದ್ರೆ ಒತ್ತಿದರು.

ನಾನು ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋದೆ. ಮುದ್ದೇಬಿಹಾಳದ ಬಸ್ಸಿನಲ್ಲಿ ಅವ್ವ ಯಾರದೋ ಕೈಯಲ್ಲಿ ಶೇಂಗಾ ಹಿಂಡಿ ಮತ್ತು ಹೋಳಿಗೆ ಕಳಿಸಿದ್ದಳು. ಬಸ್ಸು ಬಂದಿರಲಿಲ್ಲ. ಆಲಮೇಲ ಕಡೆಯ ಬಸ್ಸು ನಿಲ್ಲುವಲ್ಲಿ ಕಲ್ಲಿನ ಕಟ್ಟೆಯ ಮೇಲೆ ರೇಣುಕಾ ಕುಳಿತಿದ್ದಳು. ಮೈಮೇಲೆ ಕಂದು ಬಣ್ಣದ ಹಳೆಯ ಬಟ್ಟೆ, ತಲೆಯ ತುಂಬ ಧೂಳು, ತೊಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಪ್ರವೇಶ ಪತ್ರ. ಅತ್ತು ಅತ್ತು ಮುಖ ಊದಿತ್ತು. ಪೇಪರು ಕೆಟ್ಟಿರಬೇಕು ಎಂದುಕೊಂಡು ಹತ್ತಿರ ಹೋಗಿ, ಹೆಚ್ಚುವರಿ ಹಾಳೆ ಬೇರೆ ತೊಗೊಂಡೆಯಲ್ಲ, ಯಾಕೆ ಅಳುತ್ತೀ ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿ ಮರೆಯಲಾರೆ. ಗುರುಗಳೇ ಅಣಕಿಸಿದರೆ ಹುಡುಗರ ಮುಖ ಹೇಗಾಗುತ್ತದೋ ಹಾಗೆ.

“ನಾ ಬಂದೇ ಇಲ್ರಿ ಮೇಡಂ. ಆಲಮೇಲ ದಾಟಿದ ಮ್ಯಾಲೆ ಬಸ್ಸು ಕೆಟ್ಟು ನಿಂತತ್ರಿ. ನಾಲ್ಕಕ್ಕ ಬಂದು ಇಳದೇನಿ. ಗೇಟಿನವರು ಒಳಗ ಬಿಡಲಿಲ್ಲ.”

ಅದೇ ಬಸ್ಸಿನಲ್ಲಿ ಬಂದ ಇಬ್ಬರು ಹೆಂಗಸರು ಅಲ್ಲೇ ನಿಂತಿದ್ದರು. ಬಿಸಿಲಲ್ಲಿ ಮೂರು ತಾಸು ರಸ್ತೆಯ ಮೇಲೆ ಕುಳಿತದ್ದನ್ನು ಅವರೂ ಹೇಳಿದರು, ಈ ಹುಡುಗಿ ಬರುವ ಹೋಗುವ ಮೋಟಾರು ಸೈಕಲ್ಲಿಗೆಲ್ಲ ಕೈ ಮಾಡಿದಳೆಂದೂ ಹೇಳಿದರು. ಮುದ್ದೇಬಿಹಾಳದ ಬಸ್ಸು ಬಂದು ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಹೋಳಿಗೆಯ ಚೀಲ ಮರುದಿನ ಡಿಪೋದಲ್ಲಿ ಸಿಕ್ಕಿತು.

ಮನೆಗೆ ಬಂದು ಚೀಲ ಬಿಚ್ಚಿದರೆ ದಾರದ ಉಂಡೆಯ ತುದಿ ಹರಿದಿತ್ತು. ಅತ್ತೆ ಕೂಡಲೇ ಹಿಡಿದರು. ಯಾರಿಗೆ ಕೊಟ್ಟಿ, ಅಳತೆ ಮಾಡಿ ತರಿಸೇನಿ ಎಂದರು. ಹಾಗೇ ಆಯಿತು. ನಾಲ್ಕು ದಿನಕ್ಕೆ ಕೌದಿಯ ಕೊನೆಯ ಅಂಚಿಗೆ ಬಂದಾಗ ದಾರ ಸ್ವಲ್ಪಕ್ಕೆ ಕಡಿಮೆ ಬಿತ್ತು. ಅದೇ ಹಸಿರು ಬಜಾರದಲ್ಲಿ ಮತ್ತೆ ಸಿಗಲಿಲ್ಲ. ಮೂಲೆಯಲ್ಲಿ ನಾಲ್ಕು ಹೊಲಿಗೆ ನೀಲಿ ದಾರದಿಂದ ಹಾಕಿ ಮುಗಿಸಿದರು, ನನ್ನ ಹೆಸರು ಹೇಳಿಕೊಂಡೇ.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ರೇಣುಕಾಳ ಮುಂದೆ ಅಂಕವೂ ಇಲ್ಲ, ಗೈರೂ ಇಲ್ಲ, ತಡೆಹಿಡಿಯಲಾಗಿದೆ ಎಂದಿತ್ತು. ಹಿಂದೆಯೇ ಕಾಲೇಜಿಗೆ ನೋಟೀಸು: ಏಳನೇ ಕೋಣೆಯ ಕಟ್ಟಿನ ಚೀಟಿಯಲ್ಲಿ ಇಪ್ಪತ್ತೊಂಬತ್ತು, ಒಳಗೆ ಇರುವುದು ಇಪ್ಪತ್ತೆಂಟು, ಮುದ್ರೆ ಒಡೆದಿರಲಿಲ್ಲ, ಕೊಠಡಿ ಮೇಲ್ವಿಚಾರಕರು, ಅಂದರೆ ನಾನು, ವಿವರಣೆ ಕೊಡಬೇಕು.

ಬಸವನ ಬಾಗೇವಾಡಿಯ ಸರ್‌ಗೆ ಫೋನು ಮಾಡಿದೆವು. ಅವರು, ನನ್ನ ಮಕ್ಕಳ ಮೇಲೆ ಕೈಯಿಟ್ಟು ಹೇಳುತ್ತೇನೆ, ಇಪ್ಪತ್ತೊಂಬತ್ತೇ ಇದ್ದವು ಎಂದರು. ಗೇಟಿನವರು ರೇಣುಕಾಳನ್ನು ತಡೆದದ್ದು ಹೊರಬಿದ್ದ ಮೇಲೆ ಸ್ಟಾಫ್ ರೂಮಿನಲ್ಲಿ ಬಾಯಿಗೊಂದು ಮಾತು. ಬೇರೆ ಯಾರನ್ನೋ ಕೂಡಿಸಿ ಬರೆಸಿದ್ದಾರೆ ಎಂದು ಕೆಲವರು. ವಾಣಿಜ್ಯ ವಿಭಾಗದ ಸರ್ ಒಬ್ಬರು, ಮೇಡಂ ಅವರ ಚಷ್ಮಾದ ನಂಬರ್ ಬದಲಾಗಿರಬೇಕು ಎಂದು ನಗೆಯಾಡಿದರು. ನಾನೂ ನಕ್ಕೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಚಷ್ಮಾ ತೋರಿಸಿಕೊಂಡು ಬಂದೆ. ನಂಬರ್ ಅದೇ ಇತ್ತು.

ನಮ್ಮ ಪ್ರಾಚಾರ್ಯರು ಕೆಟ್ಟವರಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಅರ್ಧ ಮುಚ್ಚಿ, ಹಾಜರಿ ಹಾಳೆಯ ನಕಲನ್ನು ಮೇಜಿನ ಮೇಲೆ ಹರಡಿ ಹೇಳಿದರು: “ಹುಡುಗಿ ಸಹಿ ಐತಿ, ನಿಮ್ಮ ಸಹಿ ಐತಿ. ಪತ್ರಿಕಾ ದಾರ್ಯಾಗ ಕಳೀತು ಅಂತ ಬರದ ಬಿಡ್ರಿ. ಉಳಿದ ಪೇಪರಿನ ಸರಾಸರಿ ತಗದು ಅಂಕಾ ಕೊಡ್ತಾರ. ಆಕಿ ಪಾಸು, ನೀವು ಪಾರು.”

ಓದುಗರೇ, ನನ್ನ ಸಂಕಟ ನಿಮಗೆ ತಿಳಿಯಬೇಕು. ಅವರು ನನಗೆ ಸುಳ್ಳು ಬರೆಯಲು ಹೇಳುತ್ತಿರಲಿಲ್ಲ. ನಾನು ಕಂಡದ್ದನ್ನೇ ಬರೆಯಲು ಹೇಳುತ್ತಿದ್ದರು. ಅವಳು ಬಂದಿದ್ದಳು, ಬರೆದಿದ್ದಳು, ನಾನು ದಾರ ಕೊಟ್ಟಿದ್ದೆ. ಆದರೆ ಅವಳು ಬಂದಿರಲಿಲ್ಲ ಎನ್ನುವುದೂ ನನಗೆ ಗೊತ್ತಿತ್ತು.

ರೇಣುಕಾಳನ್ನು ಕರೆಸಿದರು. ಅವಳ ಅಪ್ಪನೂ ಬಂದ. ತಲೆಗೆ ಟೊಪ್ಪಿಗೆ, ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ. ಮಧ್ಯಾಹ್ನದ ನೀರು ಬಿಡುವುದರೊಳಗೆ ತಿರುಗಿ ಹೋಗಬೇಕೆಂದು ಅದನ್ನು ಹಿಡಿದುಕೊಂಡೇ ಬಂದಿದ್ದ. ಹಾಳೆಯನ್ನು ಅವಳ ಮುಂದೆ ಇಟ್ಟೆವು. ಅವಳು ಬಹಳ ಹೊತ್ತು ನೋಡಿದಳು. ಸಹಿ ತನ್ನದೇ, ತಾನು ಮಾಡಿದ್ದಲ್ಲ ಎಂದಳು. ಸರಾಸರಿ ಅಂಕದ ವಿಷಯವನ್ನು ಪ್ರಾಚಾರ್ಯರು ಬಿಡಿಸಿ ಹೇಳಿದರು. ಬಿ.ಎಡ್. ಅರ್ಜಿಗೆ ಇನ್ನು ಒಂಬತ್ತು ದಿನವಿತ್ತು. ಅವಳು ಅಪ್ಪನ ಮುಖ ನೋಡಿದಳು. ಅವನು ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ.

“ನೀರ ಬಿಡಲಾರದ ಬಿಟ್ಟೇನಿ ಅಂತ ಬುಕ್ಕಿನ್ಯಾಗ ಬರದ್ರ ಊರಾಗಿನ ಕೊಡ ತುಂಬತಾವೇನ್ರಿ ಸಾಹೇಬ್ರ?”

ಪ್ರಾಚಾರ್ಯರಿಗೆ ಸ್ವಲ್ಪ ಸಿಟ್ಟು ಬಂತು. ನಿಮ್ಮ ಮಗಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ನನಗೇನು ಬರುತ್ತದೆ ಎಂದರು. ಅದಕ್ಕೆ ಅವನು, ಅದು ಖರೇ ಎಂದು ಒಪ್ಪಿ, ಆಕಿ ಹೆಂಗ ಅಂತಾಳ ಹಂಗ ಎಂದ. ರೇಣುಕಾ ಮೂಗಿನ ತುದಿ ಒರೆಸಿಕೊಂಡಳು. ಪ್ರಾಚಾರ್ಯರ ಕಡೆ ನೋಡದೆ ನನ್ನ ಕಡೆ ನೋಡಿ ಹೇಳಿದಳು:

“ನನಗ ಬ್ಯಾಡ್ರಿ ಮೇಡಂ. ಅದನ್ನ ಯಾರ ಬರದಾರೋ, ಅವರು ಒಂದಿನ ಕೇಳಾಕ ಬರ್ತಾರ್ರಿ.”

ಅವಳು ಅಲ್ಲೇ ಕುಳಿತು, ತಾನು ಅಂದು ಗೈರಾಗಿದ್ದೆ ಎಂದು ಬರೆದುಕೊಟ್ಟಳು. ಅವಳು ಹಾಗೆ ಬರೆದ ಮೇಲೆ ನನಗೆ ಉಳಿದದ್ದು ಒಂದೇ ದಾರಿ. ಗಮನವಿಲ್ಲದೆ ತಪ್ಪಾಗಿ ಹಾಜರಿ ಹಾಕಿದ್ದೇನೆ, ಎಣಿಕೆಯಲ್ಲೂ ತಪ್ಪಿದ್ದೇನೆ ಎಂದು ಬರೆದೆ. ನನ್ನ ಹನ್ನೊಂದು ವರ್ಷದ ಕೆಲಸದಲ್ಲಿ ನಾನು ಬರೆದ ಒಂದೇ ಸುಳ್ಳು ಅದು. ಸುಳ್ಳು ಎಂದು ಗಟ್ಟಿಯಾಗಿ ಹೇಳಲೂ ಧೈರ್ಯವಿಲ್ಲ. ಮುಂದಿನ ವರ್ಷದ ನೇಮಕದ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತದೋ ಇಲ್ಲವೋ ಎಂದು ಮನೆಯವರು ನಾಲ್ಕು ತಿಂಗಳು ಕಾದರು. ಕೊನೆಗೆ ಬಂತು, ಒಂದು ಎಚ್ಚರಿಕೆಯ ಪತ್ರದ ಜೊತೆ.

ಆ ಒಂದು ವರ್ಷ ನನಗೆ ಒಂದು ಕಡೆ ಕೂಡ್ರಲು ಆಗುತ್ತಿರಲಿಲ್ಲ. ಏನು ಕಂಡರೂ ಎಣಿಸುವುದು. ರೊಟ್ಟಿ ಬಡಿದು ಎಣಿಸುವುದು, ಮುಚ್ಚಿಟ್ಟು ಮತ್ತೆ ಎಣಿಸುವುದು. ತರಗತಿಯಲ್ಲಿ ಹಾಜರಿ ಕರೆದ ಮೇಲೆ ತಲೆ ಎಣಿಸುವುದು, ಪಾಠದ ನಡುವೆ ನಿಲ್ಲಿಸಿ ಇನ್ನೊಮ್ಮೆ ಎಣಿಸುವುದು. ಹಿಂದಿನ ಬೆಂಚಿನ ಹುಡುಗರು, ಮೇಡಂ ಜನಗಣತಿ ಶುರುಮಾಡಿದರು ಎಂದು ಪಿಸುಗುಡುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಬಾಗಿಲ ಚಿಲಕ ಎಣಿಸಿದ್ದೂ ಉಂಟು. ಇರುವುದು ಎರಡೇ ಚಿಲಕ. ನಮ್ಮ ಮನೆಯವರು, ಬಸ್ಸಿನ ಹುಡುಗಿಯೇ ಖರೆ, ಕೋಣೆಯ ಹುಡುಗಿ ನಿನ್ನ ಆಯಾಸ ಎಂದು ಹೇಳಿ ನೋಡಿದರು. ಹಾಗಾದರೆ ಸಹಿ ಯಾರ ಆಯಾಸ ಎಂದು ಕೇಳಿದೆ.

ಮುಂದಿನ ವರ್ಷ ಅದೇ ಪೇಪರು, ಮತ್ತೆ ಮಧ್ಯಾಹ್ನ ಎರಡಕ್ಕೆ. ಸಿಬ್ಬಂದಿ ಕಡಿಮೆ; ಎಚ್ಚರಿಕೆಯ ಪತ್ರ ಇದ್ದವರಿಗೂ ಡ್ಯೂಟಿ ಬಂತು. ಏಳನೇ ಕೋಣೆಯೇ ಬಂತು. ರೇಣುಕಾ ಆ ಪೇಪರು ಪಾಸಾದಳು, ಬಸವನ ಬಾಗೇವಾಡಿಯಲ್ಲಿ ಬಿ.ಎಡ್. ಮುಗಿಸಿ ಈಗ ಇಂಡಿಯ ಹತ್ತಿರದ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಾಳೆ ಎಂದು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಅವಳ ಚಿಂತೆ ಬೇಡ. ನಾನು ಹೇಳಬೇಕಾದದ್ದು ಆ ಮಧ್ಯಾಹ್ನದ್ದು.

ಅವಳು ಒಂದೂವರೆಗೇ ಬಂದು ಕುಳಿತಿದ್ದಳು. ಹಿಂದಿನ ದಿನವೇ ಬಂದು ಗೆಳತಿಯ ಮನೆಯಲ್ಲಿ ಉಳಿದಿದ್ದಳಂತೆ. ಕಿಟಕಿಯ ಸಾಲು, ಕೊನೆಯ ಬೆಂಚು. ಆಕಾಶ ಬಣ್ಣದ ಚೂಡಿದಾರ. ಯಾವಾಗ ಹೊಲಿಸಿದ್ದು ಎಂದು ಸುಮ್ಮನೆ ಕೇಳುವಂತೆ ಕೇಳಿದೆ. ಈ ಯುಗಾದಿಗೆ, ಸೋದರತ್ತೆ ಕೊಡಿಸಿದ್ದು ಎಂದಳು. ಹೊರಗೆ ಹೋಗಿ, ಪಕ್ಕದ ಕೋಣೆಯಲ್ಲಿದ್ದ ವಾಣಿಜ್ಯ ವಿಭಾಗದ ಆ ಸರ್ ಅವರನ್ನೇ ಬಾಗಿಲಿಗೆ ಕರೆದು, ಆ ಕೊನೆಯ ಬೆಂಚಿನಲ್ಲಿ ಹುಡುಗಿ ಕಾಣುತ್ತಾಳಾ ಎಂದು ಕೇಳಿದೆ. ಅವರು ಇಣುಕಿ ನೋಡಿ, “ಕಾಣ್ತಾಳ್ರಿ. ನಿಮಗ ಒಂದು ಕಪ್ ಚಹಾ ಬೇಕಾಗೇತಿ ನೋಡ್ರಿ,” ಎಂದು ಹೋದರು.

ನಾನು ಎಚ್ಚರವಾಗಿದ್ದೆ. ಕಾಲೇಜಿನ ಬಿಳಿ ದಾರದ ಉಂಡೆಯನ್ನು ಬಿಚ್ಚಿ ನೋಡಿ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಸಾಕಾಗುವಷ್ಟು ಇತ್ತು. ನನ್ನ ಚೀಲವನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬಂದಿದ್ದೆ. ನಾಲ್ಕೂಕಾಲಕ್ಕೆ ರೇಣುಕಾ ಕೈ ಎತ್ತಿ ಹೆಚ್ಚುವರಿ ಹಾಳೆ ಕೇಳಿದಳು. ಹಾಳೆ ಕೊಟ್ಟೆ, ಬಿಳಿ ದಾರ ಹರಿದು ಅದರ ಮೇಲಿಟ್ಟೆ. ಬಿಳಿ ದಾರ. ಕೈಯಲ್ಲಿ ಹಿಡಿದು, ನೋಡಿಯೇ ಇಟ್ಟೆ.

ಐದಕ್ಕೆ ಪತ್ರಿಕೆ ಕೂಡಿಸುತ್ತ ಅವಳ ಬೆಂಚಿಗೆ ಬಂದೆ. ಹೆಚ್ಚುವರಿ ಹಾಳೆ ಹಸಿರು ದಾರದಲ್ಲಿ ಕಟ್ಟಿತ್ತು.

ಇದೆಲ್ಲಿಂದ ತಂದೆ ಎಂದು ಕೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಗೆ ಕೇಳುವ ಹಾಗೆ ಕೇಳಿದ್ದೆ. ಅವಳು ಹೆದರಿದಳು.

“ನೀವ ಕೊಟ್ರೆಲ್ರಿ ಮೇಡಂ.”

“ಯಾವಾಗ?”

“ಈಗ. ಆಗಳೆ.”

ಬೆಂಚಿನ ಮೇಲೆ, ಕೆಳಗೆ, ಅವಳ ಕಂಪಾಸಿನಲ್ಲಿ ಬಿಳಿ ದಾರ ಹುಡುಕಿದೆ, ಸಿಗಲಿಲ್ಲ. ಹೊತ್ತಾಗುತ್ತಿತ್ತು. ಎಲ್ಲರ ಪತ್ರಿಕೆಗೂ ಬಿಳಿ ದಾರ, ಒಬ್ಬಳದಕ್ಕೆ ಮಾತ್ರ ಹಸಿರು ಎಂದರೆ ಮೌಲ್ಯಮಾಪನದಲ್ಲಿ ಗುರುತು ಮಾಡಿದ್ದಾರೆ ಎಂದು ಕೇಸು ಹಾಕುತ್ತಾರೆ. ಇನ್ನೊಂದು ವರ್ಷವನ್ನು ಅವಳ ಕೈಯಿಂದ ಕಸಿಯುವ ಶಕ್ತಿ ನನಗಿರಲಿಲ್ಲ. ಅವಳ ಎದುರಿಗೇ ಆ ದಾರ ಬಿಚ್ಚಿದೆ, ಬಿಳಿಯದರಿಂದ ಕಟ್ಟಿಸಿದೆ. ಹಸಿರನ್ನು ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಆ ಸಲ ಕೋಣೆಯಲ್ಲಿ ಇಪ್ಪತ್ತೇಳು ಪತ್ರಿಕೆ. ನಾನು ಐದು ಸಲ ಎಣಿಸಿದೆ. ಇಪ್ಪತ್ತೇಳೂ ವಿಶ್ವವಿದ್ಯಾಲಯಕ್ಕೆ ಮುಟ್ಟಿದವು.

ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿ, ದಾರವನ್ನು ಅಂಗೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಅತ್ತೆ ನೀರು ಕುಡಿಯಲು ಬಂದವರು ನೋಡಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ. ಅವರು ಅದನ್ನು ತೆಗೆದುಕೊಂಡು ಎರಡು ಬೆರಳಿನಲ್ಲಿ ಹೊಸೆದು ನೋಡಿದರು, ಬೆಳಕಿಗೆ ಹಿಡಿದರು.

“ಎಲ್ಲಿತ್ತ ಇದು? ಹ್ವಾದ ವರ್ಷ ಇಷ್ಟ ನೋಡು ಕಡಿಮಿ ಬಿದ್ದದ್ದು,” ಎಂದರು. ಈಗ ಇದನ್ನು ತೊಗೊಂಡು ಏನು ಮಾಡಲಿ, ಕೌದಿ ಮುಗಿದಿದೆ ಎಂದು ಗೊಣಗಿ ತಿರುಗಿ ನನ್ನ ಕೈಗೇ ಕೊಟ್ಟರು.

ಅದನ್ನು ಕ್ಯಾಲೆಂಡರಿನ ಮೊಳೆಗೆ ಸುತ್ತಿದೆ. ಆಮೇಲೆ ಕ್ಯಾಲೆಂಡರು ಎಷ್ಟೋ ಬದಲಾದವು, ದಾರ ಅಲ್ಲೇ ಇದೆ. ಬಣ್ಣ ಸ್ವಲ್ಪ ಮಾಸಿದೆ. ಒಂದೇ ಹಸಿರಿನ ದಾರ ಊರಲ್ಲಿ ಎಷ್ಟೋ ಇರಬಹುದು ಎಂದು ನನಗೂ ಗೊತ್ತು. ಯಾರಾದರೂ ಹಾಗೆಂದರೆ ನಾನು ವಾದಿಸುವುದಿಲ್ಲ.

ಅಂದು ರಾತ್ರಿಯ ಚೌಕದಲ್ಲಿ ಬರೆದದ್ದು ಇಷ್ಟು: ಕಟಿ ರೊಟ್ಟಿ, ಪುಂಡಿಪಲ್ಯ, ಮೊಸರು, ಅವ್ವ ಕಳಿಸಿದ ಶೇಂಗಾ ಹಿಂಡಿ. ನಾನು ಒಂದೂವರೆ ರೊಟ್ಟಿ ಉಂಡೆ, ಎಣಿಸಲಿಲ್ಲ ಎಂದುಕೊಂಡರೂ ಎಣಿಸಿದ್ದೆ. ಮೊದಲು ನಿದ್ದೆ ಹೋದವರು ಅತ್ತೆ, ಆ ಕೌದಿಯನ್ನೇ ಹೊದ್ದುಕೊಂಡು, ನೀಲಿ ಹೊಲಿಗೆಯ ಮೂಲೆಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು. ಆಮೇಲೆ ನಮ್ಮ ಮನೆಯವರು.